ಹೆದ್ದಾರಿ ತಂಗುದಾಣ ಮತ್ತು ಇಮ್ಮಡಿ ಶಿಕ್ಷೆ: ಅಮೆರಿಕದ 1994ರ ಮಾದಕವಸ್ತು ಕಾನೂನಿನ ಪರಿಶೀಲನೆ

ಅಪರಾಧ ನಡೆದ ಜಾಗವನ್ನು ನೋಡಿ ಶಿಕ್ಷೆ ಹೆಚ್ಚಿಸುವ ಪದ್ಧತಿ ಅಮೆರಿಕದ ಮಾದಕವಸ್ತು ಕಾನೂನಿನಲ್ಲಿ 1984ರಲ್ಲಿ ಶಾಲೆಗಳ ಆವರಣದಿಂದ ಆರಂಭವಾಯಿತು. 1994ರ ಅಪರಾಧ ನಿಯಂತ್ರಣ ಕಾಯ್ದೆ ಅದನ್ನು ಹೆದ್ದಾರಿಗೂ ವಿಸ್ತರಿಸಿತು. ರಸ್ತೆ ಸುರಕ್ಷತೆಯ ಉದ್ದೇಶವನ್ನು ಎಲ್ಲರೂ ಒಪ್ಪಬೇಕಾದದ್ದೇ. ಆದರೆ ಅದಕ್ಕೆ ಆರಿಸಿಕೊಂಡ ಸಾಧನ ತಕ್ಕುದಲ್ಲ ಎಂಬುದು ಈ ಲೇಖನದ ವಾದ.

ಒಕ್ಕೂಟ ಸಂಹಿತೆಯ 21ನೇ ಭಾಗದ 849ನೇ ಕಲಂ ಪ್ರಕಾರ, ಲಾರಿ ನಿಲ್ದಾಣ ಅಥವಾ ತಂಗುದಾಣದಲ್ಲಿ, ಇಲ್ಲವೇ ಅದರಿಂದ 1,000 ಅಡಿಯೊಳಗೆ ಮಾದಕವಸ್ತು ಹಂಚಿದರೆ ಅಥವಾ ಹಂಚಲು ಇಟ್ಟುಕೊಂಡಿದ್ದರೆ ಗರಿಷ್ಠ ಶಿಕ್ಷೆ ಇಮ್ಮಡಿಯಾಗುತ್ತದೆ; ಅಪರಾಧ ಮರುಕಳಿಸಿದರೆ ಮುಮ್ಮಡಿ. ಬಿಡುಗಡೆಯ ನಂತರದ ನಿಗಾ ಅವಧಿಗೂ ಇದೇ ಲೆಕ್ಕ. 20 ವರ್ಷದ ಮಿತಿಯಿರುವ ಅಪರಾಧಕ್ಕೆ ಇಲ್ಲಿ 40 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಇಲ್ಲಿ ಏರಿದ್ದು ಶಿಕ್ಷೆಯ ಮೇಲ್ಮಿತಿ ಮಾತ್ರ. ನ್ಯಾಯಾಧೀಶರು ಹಳೆಯ ಮಿತಿಯೊಳಗೇ ಶಿಕ್ಷೆ ನೀಡಿದರೆ ಹೊಸ ಮಿತಿಗೆ ಅರ್ಥ ಉಳಿಯುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2000ರಲ್ಲಿ ನೀಡಿದ ಅಪ್ರೆಂಡಿ ತೀರ್ಪಿನ ನಂತರ, ಗರಿಷ್ಠ ಶಿಕ್ಷೆಯನ್ನು ಹೆಚ್ಚಿಸುವ ಸಂಗತಿಯನ್ನು ಜ್ಯೂರಿಯ ಮುಂದೆ ಸಂಶಯಾತೀತವಾಗಿ ರುಜುವಾತುಪಡಿಸಬೇಕು; ಹಾಗಾಗಿ ದೂರದ ಅಳತೆಯೂ ವಿಚಾರಣೆಯ ವಿಷಯವಾಗುತ್ತದೆ. ಮೇಲಾಗಿ, ಸ್ವಂತ ಬಳಕೆಗೆಂದು ಮಾದಕವಸ್ತು ಇಟ್ಟುಕೊಂಡ ಚಾಲಕ ಈ ಕಲಮಿನ ವ್ಯಾಪ್ತಿಗೆ ಬರುವುದೇ ಇಲ್ಲ. ಅಪಘಾತದ ಭೀತಿ ಇರುವುದು ಅವನಿಂದಲೇ.

ಶಾಲಾ ವಲಯಗಳ ಅನುಭವವೂ ಎಚ್ಚರಿಕೆ ನೀಡುತ್ತದೆ. ನ್ಯೂಜೆರ್ಸಿಯ ಶಿಕ್ಷಾ ಪರಾಮರ್ಶೆ ಆಯೋಗ 2005ರಲ್ಲಿ ಕಂಡುಕೊಂಡಂತೆ, ವಲಯ ಕಾನೂನಿನಡಿ ಜೈಲು ಸೇರಿದವರಲ್ಲಿ ಶೇ. 96ರಷ್ಟು ಮಂದಿ ಕಪ್ಪು ಜನಾಂಗದವರು ಅಥವಾ ಹಿಸ್ಪಾನಿಕರು. ಆ ರಾಜ್ಯ 2010ರಲ್ಲಿ ನ್ಯಾಯಾಧೀಶರ ವಿವೇಚನೆಯನ್ನು ಮರಳಿಸಿತು. ಮ್ಯಾಸಚೂಸೆಟ್ಸ್ 2012ರಲ್ಲಿ ವಲಯವನ್ನು 1,000 ಅಡಿಯಿಂದ 300 ಅಡಿಗೆ ಇಳಿಸಿತು. ಶಾಲಾ ವಲಯಗಳು ಹೆಚ್ಚಾಗಿರುವ ನಗರಗಳ ಜನಸಾಂದ್ರತೆ ಹೆದ್ದಾರಿಗಿಲ್ಲ, ನಿಜ. ಆದರೆ ಹಾನಿಯ ಬದಲು ದೂರವನ್ನು ಅಳೆಯುವ ದೋಷ ಎರಡೂ ಕಡೆ ಒಂದೇ.

ರಸ್ತೆ ಸುರಕ್ಷತೆಗೆ ನೇರವಾಗಿ ನೆರವಾಗುವುದು 1991ರ ಸಾರಿಗೆ ನೌಕರರ ಪರೀಕ್ಷಾ ಕಾಯ್ದೆ. ಚಾಲಕರ ಅನಿರೀಕ್ಷಿತ ತಪಾಸಣೆ ಇದರ ತಿರುಳು. 2020ರಿಂದ ಪರೀಕ್ಷೆಯಲ್ಲಿ ವಿಫಲರಾದವರ ವಿವರ ರಾಷ್ಟ್ರೀಯ ದತ್ತಸಂಚಯಕ್ಕೆ ಸೇರುತ್ತಿದ್ದು, ಅಂಥವರು ಬೇರೆ ಕಂಪನಿಗೆ ಹೋಗಿ ಸಂಗತಿ ಮುಚ್ಚಿಡುವುದು ಕಷ್ಟವಾಗಿದೆ.

ಕರ್ನಾಟಕಕ್ಕೂ ಅನ್ವಯಿಸುವ ನಮ್ಮ ದೇಶದ ಮಾದಕವಸ್ತು ಕಾನೂನಾದ ಎನ್‌ಡಿಪಿಎಸ್ ಕಾಯ್ದೆಗೆ 2001ರ ತಿದ್ದುಪಡಿ ಸೇರಿಸಿದ 32ಬಿ ಕಲಂ ಬೇರೆ ದಾರಿ ಹಿಡಿದಿದೆ. ವಿದ್ಯಾಸಂಸ್ಥೆಯ ಸಮೀಪ ಅಪರಾಧ ನಡೆದಿದ್ದರೆ, ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಅದನ್ನು ಪರಿಗಣಿಸಬಹುದು; ಅಡಿಗಳ ಲೆಕ್ಕ ಅಲ್ಲಿಲ್ಲ. ಹೆದ್ದಾರಿಗಾಗಿ ಕಾನೂನು ಬಿಗಿಗೊಳಿಸಲು ಹೊರಡುವ ಶಾಸಕರು ಈ ವಿವೇಚನೆಯನ್ನು ಉಳಿಸಿಕೊಂಡು, ಚಾಲಕರ ನಿಯತ ತಪಾಸಣೆಗೆ ಮೊದಲ ಆದ್ಯತೆ ನೀಡಬೇಕು.