ಪಿಪಾವಾವ್‌ಗೆ ಬಾರದ ಹಡಗು

ಕೆಂಪು ಸಮುದ್ರ ನಮ್ಮ ಬ್ಯಾರಿ ಮನೆಗಳಿಗೆ ಹೊಸ ಹೆಸರಲ್ಲ. ಹಡಗಿನಲ್ಲಿ ಹಜ್ಜ್‌ಗೆ ಹೋದ ಹಿರಿಯರು ಇಳಿದ ಜಿದ್ದಾ ಇರುವುದು ಅದರ ದಡದಲ್ಲೇ. ಅದೇ ಸಮುದ್ರದಲ್ಲಿ 2023ರಲ್ಲಿ ಕಾರು ಸಾಗಿಸುವ ಒಂದು ಹಡಗಿನ ಜಾಡು ಕಡಿದುಹೋಯಿತು. ಅದು ಬರುತ್ತಿದ್ದುದು ನಮ್ಮ ದೇಶಕ್ಕೇ.

ಹಡಗಿನ ಹೆಸರು ಗ್ಯಾಲಕ್ಸಿ ಲೀಡರ್. ಉದ್ದ 189 ಮೀಟರ್, ಬಹಾಮಾಸ್ ಧ್ವಜ. ಒಡೆತನಕ್ಕೆ ಇಸ್ರೇಲಿ ಉದ್ಯಮಿಯ ನಂಟು, ಬಾಡಿಗೆಗೆ ಪಡೆದದ್ದು ಜಪಾನಿನ ಎನ್‌ವೈಕೆ ಕಂಪನಿ. ಇಂಥ ಹಡಗಿಗೆ ಕಾರು ತುಂಬಲು ಕ್ರೇನ್ ಬೇಡ. ಹಿಂಬದಿಯ ದೊಡ್ಡ ಬಾಗಿಲು ದಡಕ್ಕೆ ಇಳಿದು ಸೇತುವೆಯಾಗುತ್ತದೆ. ಡ್ರೈವರ್‌ಗಳು ಕಾರುಗಳನ್ನು ಓಡಿಸಿಕೊಂಡೇ ಒಳಗೆ ಹೋಗಿ ಮಹಡಿ ಮಹಡಿಯಾಗಿ ನಿಲ್ಲಿಸುತ್ತಾರೆ.

ಹಡಗುಗಳ ಜಾಡು ಸಿಗುವುದು ಎಐಎಸ್ ಎಂಬ ರೇಡಿಯೊ ಸಾಧನದಿಂದ. ವಿದೇಶ ಯಾನ ಮಾಡುವ 300 ಟನ್ನೇಜ್ ಮತ್ತು ಅದಕ್ಕೂ ದೊಡ್ಡ ಹಡಗುಗಳಿಗೆ 2004ರ ಕೊನೆಯ ಹೊತ್ತಿಗೆ ಇದು ಕಡ್ಡಾಯವಾಯಿತು. ಹಡಗು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಸಾಧನ ತಾನೇ ಕಳಿಸುತ್ತದೆ. ದಡದ ಹತ್ತಿರ ಗೋಪುರಗಳು, ನಡುಸಮುದ್ರದಲ್ಲಿ ಉಪಗ್ರಹಗಳು ಅದನ್ನು ಹಿಡಿಯುತ್ತವೆ. ಆದರೆ ಮುಂದಿನ ಬಂದರಿನ ಹೆಸರನ್ನು ಹಡಗಿನವರೇ ಕೈಯಾರೆ ತುಂಬಬೇಕು. ಅಪಾಯವಿದೆ ಅನ್ನಿಸಿದರೆ ಕ್ಯಾಪ್ಟನ್ ಸಾಧನವನ್ನು ಆರಿಸಲೂಬಹುದು.

ಗ್ಯಾಲಕ್ಸಿ ಲೀಡರ್ ಹೊರಟದ್ದು ಟರ್ಕಿಯ ಕೊರ್ಫೆಜ್‌ನಿಂದ, ಗುರಿ ಗುಜರಾತಿನ ಪಿಪಾವಾವ್. ಕಾರುಗಳಿರಲಿಲ್ಲ, ಹಡಗು ಖಾಲಿ. ಜಿದ್ದಾದ ನೈರುತ್ಯದಲ್ಲಿ ಅದರ ಕೊನೆಯ ಗುರುತು ಸಿಕ್ಕಿತು, ಆಮೇಲೆ ಸಂಕೇತವಿಲ್ಲ. 2023ರ ನವೆಂಬರ್ 19ರಂದು ಯೆಮನ್‌ನ ಹೌತಿಗಳು ಹೆಲಿಕಾಪ್ಟರ್‌ನಿಂದ ಅದರ ಮೇಲೆ ಇಳಿದರು. ಗಾಝಾ ಯುದ್ಧದ ಕಾಲ, ಇಸ್ರೇಲ್ ನಂಟಿನ ಹಡಗು ಎಂಬುದು ಅವರು ಕೊಟ್ಟ ಕಾರಣ. ಹಡಗಿನಲ್ಲಿದ್ದ 25 ಮಂದಿ ಫಿಲಿಪೀನ್ಸ್, ಬಲ್ಗೇರಿಯ, ಉಕ್ರೇನ್, ರೊಮಾನಿಯ, ಮೆಕ್ಸಿಕೊದ ದುಡಿಯುವ ಜನ.

ಮಂಗಳೂರಿಗೂ ಈ ದಾರಿ ಹಳೆಯದು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದು ಏಡನ್ ಜೊತೆ ವ್ಯಾಪಾರ ನಡೆಸಿದ. ಕೈರೋದ ಸಿನಗಾಗ್‌ನಲ್ಲಿ ಉಳಿದುಕೊಂಡ ಅವನ ಕಾಗದಪತ್ರಗಳಲ್ಲಿ ಯಾವ ಹಡಗು ತಲುಪಿತು, ಯಾವುದು ತಲುಪಲಿಲ್ಲ ಎಂಬ ಸುದ್ದಿಯಿದೆ. ಮುಳುಗಿದ ಒಂದು ಹಡಗಿನ ಕರಿಮೆಣಸು ಪೂರ್ತಿ ಹೋಯಿತು, ಕಬ್ಬಿಣದಲ್ಲಿ ಒಂದಷ್ಟನ್ನು ಮುಳುಗುಗಾರರು ಎತ್ತಿದರು ಎಂದು ಏಡನ್‌ನಿಂದ ಬರೆದದ್ದೂ ಉಂಟು. ಆ ಸಮುದ್ರದ ದಕ್ಷಿಣದ ಬಾಯಿಗೆ ಅರಬರು ಇಟ್ಟ ಹೆಸರು ಬಾಬ್ ಅಲ್-ಮಂದಬ್, ಕಣ್ಣೀರಿನ ಬಾಗಿಲು.

ಅಂದು ಸುದ್ದಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಇಂದು ಹಡಗು ಯೆಮನ್ ದಡದಲ್ಲಿ ನಿಂತಿರುವುದನ್ನು ಉಪಗ್ರಹದ ಚಿತ್ರದಲ್ಲಿ ಇಡೀ ಜಗತ್ತು ನೋಡಿತು. ಜನ ಅದನ್ನು ಹತ್ತಿ ಫೋಟೊ ತೆಗೆಸಿಕೊಂಡರು. ಆದರೆ ಆ 25 ಮನೆಗಳ ಕಾಯುವಿಕೆ ಇದರಿಂದ ಒಂದು ದಿನವೂ ಕಡಿಮೆಯಾಗಲಿಲ್ಲ. ಗಾಝಾದಲ್ಲಿ ಕದನವಿರಾಮವಾದ ಮೇಲೆ, 2025ರ ಜನವರಿ 22ರಂದು, ಅವರನ್ನು ಒಮಾನ್‌ಗೆ ಒಪ್ಪಿಸಲಾಯಿತು. ಲೆಕ್ಕ ಹಾಕಿದರೆ 430 ದಿನ. ಹಡಗು ಅಲ್ಲೇ ಉಳಿಯಿತು. ಅದರಲ್ಲಿ ರೇಡಾರ್ ಇಟ್ಟಿದ್ದಾರೆಂದು ಹೇಳಿ ಅದೇ ಜುಲೈಯಲ್ಲಿ ಇಸ್ರೇಲ್ ಅದರ ಮೇಲೆ ಬಾಂಬ್ ಹಾಕಿತು.

ಡಿಪ್ಲೊಮಾ ಓದಿದ ನನಗೆ ಮೊದಲು ಕುತೂಹಲ ಇದ್ದದ್ದು ಯಂತ್ರದ ಬಗ್ಗೆ. ಈಗ ನೆನಪಾಗುವುದು ಆ 430 ದಿನ. ನಮ್ಮ ಕರಾವಳಿಯ ಹುಡುಗರೂ ಹಡಗಿನ ಕೆಲಸಕ್ಕೆ ಹೋಗುತ್ತಾರೆ. ಮಗ ಹೊರಡುವಾಗ ಹಡಗಿನ ಹೆಸರಿನ ಜೊತೆ ಅದರ ಏಳಂಕಿಯ ಐಎಂಒ ಸಂಖ್ಯೆಯನ್ನೂ ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಹೆಸರು, ಧ್ವಜ, ಮಾಲೀಕ ಎಲ್ಲ ಬದಲಾದರೂ ಹಡಗು ಗುಜರಿಗೆ ಹೋಗುವವರೆಗೆ ಆ ಸಂಖ್ಯೆ ಬದಲಾಗುವುದಿಲ್ಲ. ಸಂಕೇತ ನಿಂತ ದಿನ ಯಾವ ಹಡಗು ಎಂದು ಕೇಳಲಿಕ್ಕೆ ಅದೊಂದಾದರೂ ಕೈಯಲ್ಲಿರುತ್ತದೆ.