ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ?

ಟಿಪ್ಪು ಸುಲ್ತಾನನ (ಆಳ್ವಿಕೆ: 1782–1799) ತಾಮ್ರದ ಕಾಸುಗಳ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ. ಶ್ರೀರಂಗಪಟ್ಟಣ ಇವುಗಳ ಮುಖ್ಯ ಟಂಕಸಾಲೆ. ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೈಕೆಲಸವಾದ್ದರಿಂದ ಪ್ರತಿ ಕಾಸೂ ತುಸು ಬೇರೆ.

ಟಂಕಿಸುವಾಗಲೇ ಆದ ದೋಷ
• ಸರಿದ ಅಚ್ಚು: ಆನೆಯ ಸೊಂಡಿಲೋ ಬಾಲವೋ ಬಿಲ್ಲೆಯಿಂದ ಹೊರಗುಳಿದು, ಎದುರು ಬದಿ ಖಾಲಿಯಾಗಿರುತ್ತದೆ.
• ಜೋಡಿ ಪೆಟ್ಟು: ಮೊದಲ ಚಿತ್ರದ ಮಾಸಲು ಗೆರೆಗಳ ಮೇಲೆ ಎರಡನೆಯದು ಮೂಡಿರುತ್ತದೆ.
• ಬಿರುಕು ಬಿಟ್ಟ ಅಚ್ಚು: ಬಿರುಕಿನೊಳಗೆ ಲೋಹ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಅದೇ ಅಚ್ಚಿನಿಂದ ಮುಂದೆ ಬಂದ ನಾಣ್ಯಗಳಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ.
• ಒಳಗುಳಿದ ನಾಣ್ಯ: ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದರೆ, ಮುಂದಿನದರ ಒಂದು ಮುಖದಲ್ಲಿ ಚಿತ್ರ ತಗ್ಗಾಗಿ, ಎಡಬಲ ಅದಲುಬದಲಾಗಿ ಮೂಡುತ್ತದೆ.

ಆಮೇಲೆ ಆದ ಹಾನಿ
• ಗೀರು: ತಗ್ಗಾಗಿರುತ್ತದೆ, ಚಿತ್ರವನ್ನು ಕತ್ತರಿಸಿಕೊಂಡು ಹೋಗುತ್ತದೆ; ಅಂಚಿನಲ್ಲಿ ಲೋಹ ಎದ್ದಿರುತ್ತದೆ.
• ಚಿನಿವಾರರ ಗುರುತು: ಲೋಹದ ಶುದ್ಧತೆ ಪರೀಕ್ಷಿಸಲು ಹೊಡೆದ ಸಣ್ಣ ಮುದ್ರೆ. ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚು.
• ತೂತು: ಸರಕ್ಕೆ ಪೋಣಿಸಲು ಕೊರೆದದ್ದು.
• ಸವೆತ: ಆನೆಯ ಹೊಟ್ಟೆಯಂಥ ಉಬ್ಬಿದ ಭಾಗಗಳು ಮೊದಲು ನುಣುಪಾಗುತ್ತವೆ.

ನಾಣ್ಯವನ್ನು ಓರೆ ಬೆಳಕಿನಲ್ಲಿ ಹಿಡಿದು ಭೂತಗನ್ನಡಿಯಿಂದ ನೋಡಿ: ಗೆರೆ ಉಬ್ಬಿದೆಯೋ, ತಗ್ಗಿದೆಯೋ? ನಿಮ್ಮ ಮನೆಯಲ್ಲಿ ಹಳೆಯ ಕಾಸುಗಳಿದ್ದರೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹುಳಿ ಮೇಲ್ಪದರವನ್ನು ತಿಂದರೆ ಈ ಸುಳಿವುಗಳೂ ಅಳಿಸಿಹೋಗುತ್ತವೆ.