ಕೆರೆ ಮೇಲೆ ಬಸ್ ಸ್ಟ್ಯಾಂಡ್: ಮೆಜೆಸ್ಟಿಕ್ ಕಥೆ ಕೊಡಗಿಗೆ ಯಾಕೆ ಬೇಕು?

ದುಬಾರೆ ಆನೆಗಳ ರೀಲ್ಸ್ ನೋಡದೇ ಇರೋರು ನಿಮ್ಮಲ್ಲಿ ಕಡಿಮೆ. ಆದ್ರೆ ಕೊಡಗಿನೊಳಗೆ ರೈಲಲ್ಲಿ ಓಡಾಡಿದವರು ಒಬ್ಬರೂ ಸಿಗಲ್ಲ. ಯಾಕಂದ್ರೆ ಇಡೀ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ದುಬಾರೆಗೆ ಹತ್ತಿರದ ಪಟ್ಟಣ ಕುಶಾಲನಗರ. ಮೈಸೂರಿಂದ ಅಲ್ಲಿಗೆ ರೈಲು ಬೇಕು ಅನ್ನೋ ಬೇಡಿಕೆ ಹಳೇದು. ಬೇಡ ಅನ್ನೋ ದನಿಯೂ ಜೋರಾಗೇ ಇದೆ. ರೈಲು ಬರುತ್ತೋ ಬಿಡುತ್ತೋ, ಒಂದು ವೇಳೆ ಬಂದ್ರೆ ನಿಲ್ದಾಣದ ಸುತ್ತಲಿನ ಊರು ಏನಾಗುತ್ತೆ?

ಉತ್ತರ ಬೇಕಂದ್ರೆ ಬೆಂಗಳೂರಿನ ಮೆಜೆಸ್ಟಿಕ್‌ಗೆ ಬನ್ನಿ.

ಇವತ್ತು ಕೆಂಪೇಗೌಡ ಬಸ್ ನಿಲ್ದಾಣ ಇರೋ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಪೇಟೆಯ ಜನಕ್ಕೆ ನೀರು ಕೊಟ್ಟ ಕೆರೆ. 1864ರಲ್ಲಿ ದಂಡು ಪ್ರದೇಶಕ್ಕೆ ರೈಲು ಬಂತು. ಮುಂದಿನ ದಶಕಗಳಲ್ಲಿ ಹಳಿ ಈ ಕೆರೆಯ ಪಕ್ಕಕ್ಕೂ ಬಂತು. ಊರು ಬೆಳೀತಾ ಹೋದ ಹಾಗೆ ಕೆರೆಗೆ ನೀರು ಹರಿದು ಬರೋ ದಾರಿಗಳು ಕಟ್ಟಿಹೋದವು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂದ ಮೇಲೆ ಊರಿಗೆ ಕೆರೆಯ ಹಂಗೂ ಕಡಿಮೆಯಾಯ್ತು. ಕೆರೆ ಒಣಗಿ ಮೈದಾನ ಆಯ್ತು, ಮೈದಾನ ಬಸ್ ನಿಲ್ದಾಣ ಆಯ್ತು. ಅಲ್ಲಿದ್ದ ಒಂದು ಸಿನಿಮಾ ಥಿಯೇಟರ್‌ನ ಹೆಸರೇ ಇಡೀ ಏರಿಯಾಗೆ ಅಂಟಿಕೊಳ್ತು.

2016ರಲ್ಲಿ ನೇರಳೆ ಮೆಟ್ರೋ, 2017ರಲ್ಲಿ ಹಸಿರು ಮೆಟ್ರೋ ಇಲ್ಲಿ ನೆಲದಡಿ ಕೂಡಿಕೊಂಡವು. ರೈಲು, ಬಸ್ಸು, ಮೆಟ್ರೋ ಮೂರೂ ಒಂದೇ ಕಡೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೇ ಜಾಗ ಬೇಕಾ? ಆದ್ರೆ ಒಂದೊಂದಕ್ಕೂ ಒಂದೊಂದು ಸಂಸ್ಥೆ. ಎಲ್ಲರೂ ತಂತಮ್ಮ ಕಾಂಪೌಂಡಿನೊಳಗೆ ಪ್ಲಾನ್ ಮಾಡ್ಕೊಂಡ್ರು. ಕಾಂಪೌಂಡಿನ ಆಚೆ ಲಗೇಜ್ ಎಳ್ಕೊಂಡು ನಡೆಯೋರು, ತಳ್ಳುಗಾಡಿಯವರು, ಸುತ್ತಲಿನ ಗಲ್ಲಿಗಳ ಬಾಡಿಗೆದಾರರು, ಇವರು ಯಾರ ನಕ್ಷೆಯಲ್ಲೂ ಸರಿಯಾಗಿ ಬರಲಿಲ್ಲ. ಜೋರು ಮಳೆ ಬಂದಾಗ ಸುತ್ತಲಿನ ಅಂಡರ್‌ಪಾಸ್‌ಗಳಲ್ಲಿ ನಿಲ್ಲೋ ನೀರೂ ಅಷ್ಟೇ. ಕೆರೆ ಹೋಯ್ತು, ಆದ್ರೆ ತಗ್ಗು ಎಲ್ಲಿಗೆ ಹೋಗುತ್ತೆ?

ಈಗ ಕುಶಾಲನಗರಕ್ಕೆ ವಾಪಸ್ ಬನ್ನಿ. ದುಬಾರೆ ದಾಟಿ ಬರೋ ಕಾವೇರಿ ಈ ಪಟ್ಟಣದ ಪಕ್ಕದಲ್ಲೇ ಹರೀತಾಳೆ. 2018 ಮತ್ತು 2019ರ ಮಳೆಗಾಲದಲ್ಲಿ ನದಿ ಬಡಾವಣೆಗಳೊಳಗೇ ನುಗ್ಗಿತ್ತು. ನಿಲ್ದಾಣ ಅಂದ ತಕ್ಷಣ ಸುತ್ತ ಸೈಟ್ ರೇಟ್ ಏರುತ್ತೆ, ತಗ್ಗಿನ ಗದ್ದೆಗೂ ಲೇಔಟ್ ಬೋರ್ಡ್ ಬೀಳುತ್ತೆ. ಹಳಿ ಹಾಕೋದಕ್ಕೆ ಮುಂಚೆಯೇ ನೀರಿನ ದಾರಿ, ನಡೆಯೋರ ದಾರಿ, ಈಗಾಗಲೇ ಅಲ್ಲಿ ಬದುಕ್ತಿರೋರ ಜಾಗ, ಈ ಮೂರನ್ನೂ ನಕ್ಷೆಯಲ್ಲಿ ಗುರುತು ಮಾಡಬೇಕು. ಮೆಜೆಸ್ಟಿಕ್‌ಗೆ ಆ ಅವಕಾಶ ತಪ್ಪಿಹೋಯ್ತು. ಕುಶಾಲನಗರಕ್ಕೆ ಇನ್ನೂ ಟೈಮಿದೆ.